ಪರ್ಯಾಯ ಜೀವನ (ವೈಜ್ಞಾನಿಕ ಕಥಾಸಾಹಿತ್ಯದಲ್ಲಿ)

ಮನುಷ್ಯನು ಒಂದು ನಿರ್ಣಾಯಕ ಕ್ಷಣದಲ್ಲಿ ತಾನು ಹಿಡಿದ ದಾರಿಯನ್ನು ಬಿಟ್ಟು ಬೇರೊಂದನ್ನು ಹಿಡಿದಿದ್ದರೆ ಅವನ ಬಾಳಾಗಲಿ ಅವನು ಬಾಳಿದ ಲೋಕವಾಗಲಿ ಯಾವ ರೂಪವನ್ನು ತಳೆಯುತ್ತಿತ್ತು ಎಂಬ ಪ್ರಶ್ನೆಯನ್ನೇ ವಸ್ತುವಾಗಿ ಉಳ್ಳ, ವೈಜ್ಞಾನಿಕ ಕಥಾಸಾಹಿತ್ಯದ ಒಂದು ಪ್ರಮುಖ ಶಾಖೆ. ನಡೆಯಬಹುದಾಗಿದ್ದೂ ನಡೆಯದೆ ಹೋದ ಸಂಗತಿಗಳನ್ನು ನಡೆದುವೆಂದೇ ಭಾವಿಸಿ, ಅವುಗಳಿಂದ ಕಾರ್ಯಕಾರಣ ನಿಯಮಕ್ಕೆ ಅನುಸಾರವಾಗಿ ಹುಟ್ಟಬಹುದಾದ ಫಲಗಳನ್ನು ಕ್ರಮವಾಗಿ ನಿರೂಪಿಸುವುದು ಈ ಶಾಖೆಯ ಮುಖ್ಯ ಲಕ್ಷಣ. ಕವಲೊಡೆಯುವುದು ರಾಷ್ಟ್ರಗಳ ಇತಿಹಾಸವಾದರೆ ಅಂತಹ ಕೃತಿಯನ್ನು ಪರ್ಯಾಯ ಇತಿಹಾಸವೆಂದೂ, ಒಬ್ಬ ವ್ಯಕ್ತಿಯ ಬದುಕಾದರೆ ಪರ್ಯಾಯ ಜೀವನದ ಕಥೆಯೆಂದೂ ಸ್ಥೂಲವಾಗಿ ವಿಂಗಡಿಸುವುದುಂಟು. ಭೂತಕಾಲಕ್ಕೆ ಹೋಗಿ ಒಂದು ಘಟನೆಯನ್ನು ಬದಲಿಸುವುದು, ನಮ್ಮ ಲೋಕಕ್ಕೆ ಸಮಾನಾಂತರವಾಗಿ ಇರುವ ಇನ್ನೊಂದು ಲೋಕವನ್ನು ಪ್ರವೇಶಿಸುವುದು, ಒಂದೇ ಆಯುಷ್ಯವನ್ನು ಮೊದಲಿನಿಂದ ಮತ್ತೆ ಬಾಳುವುದು ಎಂಬ ಮೂರು ತಂತ್ರಗಳು ಇಲ್ಲಿ ಹೆಚ್ಚಾಗಿ ಬಳಕೆಯಾಗಿವೆ. ಈ ಸಾಹಿತ್ಯದ ಬೆಳವಣಿಗೆಯನ್ನು ಆದಿಯಿಂದ ಪರಿಶೀಲಿಸಿದರೆ, ವಿಧಿ ದೊಡ್ಡದೋ ಆಕಸ್ಮಿಕ ದೊಡ್ಡದೋ ಎಂಬ ಜಿಜ್ಞಾಸೆಯಿಂದ ಹೊರಟ ಅದು, ಮನುಷ್ಯನು ತನ್ನ ಆಯ್ಕೆಗೆ ಎಷ್ಟರಮಟ್ಟಿಗೆ ಹೊಣೆಗಾರನು ಎಂಬ ನೈತಿಕ ಪ್ರಶ್ನೆಯ ಕಡೆಗೆ ಕ್ರಮಕ್ರಮವಾಗಿ ಸಾಗಿಬಂದಿರುವುದು ಕಂಡುಬರುತ್ತದೆ.

ಪೂರ್ವರೂಪಗಳು: ಅಲೆಕ್ಸಾಂಡರನು ಪೂರ್ವ ದಿಕ್ಕಿಗೆ ಹೋಗದೆ ಪಶ್ಚಿಮಕ್ಕೆ ತಿರುಗಿ ರೋಮಿನ ಮೇಲೆ ದಂಡೆತ್ತಿ ಹೋಗಿದ್ದರೆ ಏನಾಗುತ್ತಿತ್ತು ಎಂದು ರೋಮನ್ ಇತಿಹಾಸಕಾರ ಲಿವಿ ತನ್ನ ಇತಿಹಾಸಗ್ರಂಥದ ಒಂಬತ್ತನೆಯ ಸಂಪುಟದಲ್ಲಿ ಪ್ರಾಸಂಗಿಕವಾಗಿ ಚರ್ಚಿಸಿದ್ದಾನೆ. ಎರಡು ಪಕ್ಷಗಳ ಸೈನ್ಯಬಲವನ್ನೂ ಸೇನಾನಿಗಳ ಯೋಗ್ಯತೆಯನ್ನೂ ತೂಗಿ ನೋಡಿ, ರೋಮೇ ಗೆಲ್ಲುತ್ತಿತ್ತೆಂದು ಅವನು ತೀರ್ಮಾನಿಸುತ್ತಾನೆ. ಪಾಶ್ಚಾತ್ಯ ಸಾಹಿತ್ಯದಲ್ಲಿ ಈ ಬಗೆಯ ಊಹೆಗೆ ಇದು ಅತಿ ಪ್ರಾಚೀನವಾದ ನಿದರ್ಶನಗಳಲ್ಲಿ ಒಂದು.

ಭಾರತದಲ್ಲಿ ಇದೇ ಕುತೂಹಲವು ತತ್ತ್ವಜಿಜ್ಞಾಸೆಯ ಮಾರ್ಗವಾಗಿ ಪ್ರಕಟವಾಯಿತು. ಯೋಗವಾಸಿಷ್ಠದ ಗಾಧಿಯ ಉಪಾಖ್ಯಾನವು ಈ ದೃಷ್ಟಿಯಿಂದ ವಿಶೇಷವಾಗಿ ಗಮನಾರ್ಹವಾದುದು. ಮಾಯೆಯ ಸ್ವರೂಪವನ್ನು ಕಾಣಬೇಕೆಂದು ವಿಷ್ಣುವಿನಿಂದ ವರವನ್ನು ಪಡೆದ ಗಾಧಿಯೆಂಬ ಬ್ರಾಹ್ಮಣನು ಸ್ನಾನಕ್ಕೆಂದು ನೀರಿನಲ್ಲಿ ಮುಳುಗಿದ ಆ ಒಂದು ಕ್ಷಣದಲ್ಲೇ ತಾನು ಸತ್ತಂತೆಯೂ, ಚಂಡಾಲರ ಕುಲದಲ್ಲಿ ಮತ್ತೆ ಹುಟ್ಟಿ ಬೆಳೆದು ಸಂಸಾರಿಯಾದಂತೆಯೂ, ಬಂಧುಗಳನ್ನೆಲ್ಲ ಕಳೆದುಕೊಂಡು ಅಲೆಯುತ್ತ ಕೀರದೇಶಕ್ಕೆ ಬಂದಾಗ ಅರಸನಿಲ್ಲದ ಆ ರಾಜಧಾನಿಯಲ್ಲಿ ಪಟ್ಟದಾನೆಯು ತನ್ನನ್ನೇ ಆರಿಸಿ ಎತ್ತಿಕೊಂಡಂತೆಯೂ, ಎಂಟು ವರ್ಷ ರಾಜ್ಯವಾಳಿದ ಮೇಲೆ ತನ್ನ ಜನ್ಮವೃತ್ತಾಂತವು ಬಯಲಾಗಿ ಅಗ್ನಿಪ್ರವೇಶ ಮಾಡಿದಂತೆಯೂ ಅನುಭವಿಸುತ್ತಾನೆ. ಬೆಂಕಿಯ ತಾಪಕ್ಕೆ ಬೆಚ್ಚಿ ಕಣ್ಣು ತೆರೆದರೆ ಇನ್ನೂ ನೀರಿನಲ್ಲೇ ನಿಂತಿದ್ದಾನೆ. ಕಥೆ ಇಷ್ಟಕ್ಕೇ ಮುಗಿದಿದ್ದರೆ ಅದೊಂದು ಸ್ವಪ್ನವೃತ್ತಾಂತವಾಗುತ್ತಿತ್ತು. ಆದರೆ ಕೆಲವು ಕಾಲದ ಮೇಲೆ ಬಂದ ಅತಿಥಿಯೊಬ್ಬನು ಕೀರದೇಶದಲ್ಲಿ ಚಂಡಾಲನೊಬ್ಬನು ಎಂಟು ವರ್ಷ ಆಳಿದ ಸಂಗತಿಯನ್ನು ನಿಜವಾಗಿ ನಡೆದುದೆಂದು ಹೇಳಲು, ಗಾಧಿಯು ಆ ನಾಡುಗಳಿಗೆ ಹೋಗಿ, ತಾನು ಬಾಳಿದ ಮನೆಯ ಕುರುಹುಗಳನ್ನು ಕಣ್ಣಾರೆ ಕಾಣುತ್ತಾನೆ. ಅನುಭವಿಸಿದ ಪರಜೀವನಕ್ಕೆ ಹೊರಗಿನ ಸಾಕ್ಷ್ಯವನ್ನು ಒದಗಿಸುವ ಈ ಕ್ರಮವು ಆಧುನಿಕ ವೈಜ್ಞಾನಿಕ ಕಥೆಗಾರರ ಕ್ರಮಕ್ಕೆ ಅತ್ಯಂತ ಸಮೀಪದಲ್ಲಿದೆ. ಇಷ್ಟಿದ್ದರೂ ಎರಡಕ್ಕೂ ಒಂದು ಮೂಲಭೂತವಾದ ಭೇದವುಂಟು: ಯೋಗವಾಸಿಷ್ಠದಲ್ಲಿ ಎರಡನೆಯ ಬಾಳು ಮನಸ್ಸಿನ ಸೃಷ್ಟಿ, ಅದು ಮೊದಲನೆಯ ಬಾಳಿನ ಅಸಾರತೆಯನ್ನು ಬೋಧಿಸುತ್ತದೆ, ಆಧುನಿಕ ಕಥೆಯಲ್ಲಿ ಎರಡನೆಯ ಬಾಳು ಒಂದು ಆಯ್ಕೆಯ ಫಲ, ಅದು ಮೊದಲನೆಯದಕ್ಕೆ ಭಾರವನ್ನು ಕೊಡುತ್ತದೆ.

ಇತಿಹಾಸದ ಕವಲು: ಪೂರ್ಣಪ್ರಮಾಣದ ಪರ್ಯಾಯ ಇತಿಹಾಸ ಕೃತಿಗಳು ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಹುಟ್ಟಿದುವು. ಲೂಯಿ ಜೆಫ್ರುವಾ 1836ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನೆಪೋಲಿಯನ್ನನು ಮಾಸ್ಕೋದಲ್ಲಿ ಕಾಲಹರಣ ಮಾಡದೆ ಮುಂದೆ ಸಾಗಿ ರಷ್ಯವನ್ನೂ, ಅನಂತರ ಇಂಗ್ಲೆಂಡನ್ನೂ, ಕಡೆಗೆ ಸಮಸ್ತ ಭೂಮಂಡಲವನ್ನೂ ಗೆಲ್ಲುತ್ತಾನೆ. ಅವನು ಸೋತು ಸೇಂಟ್ ಹೆಲೆನಾ ದ್ವೀಪದಲ್ಲಿ ಸೆರೆಯಾದನೆಂಬ ನಮ್ಮ ಲೋಕದ ನಿಜವೃತ್ತಾಂತವನ್ನು ಒಂದು ಸುಳ್ಳುಕಥೆಯೆಂದು ಆ ಗ್ರಂಥವೇ ಖಂಡಿಸುವುದು ಅದರ ಸ್ವಾರಸ್ಯ. ಷಾರ್ಲ್ ರೆನೂವಿಯೇ ಎಂಬ ದಾರ್ಶನಿಕನು 1876ರಲ್ಲಿ ಗ್ರಂಥರೂಪವಾಗಿ ಹೊರತಂದ ‘ಯೂಕ್ರೋನಿ’ಯಲ್ಲಿ ರೋಮನ್ ಸಾಮ್ರಾಜ್ಯದ ಪಶ್ಚಿಮ ಭಾಗದಲ್ಲಿ ಕ್ರೈಸ್ತಮತವು ಪ್ರಾಬಲ್ಯಕ್ಕೆ ಬಾರದೆ ಹೋದ ಒಂದು ಯೂರೋಪನ್ನು ಕಲ್ಪಿಸಿದನು, ಇತಿಹಾಸವು ವಿಧಿನಿಯತವಲ್ಲ, ಮನುಷ್ಯಸ್ವಾತಂತ್ರ್ಯಕ್ಕೆ ಅದರಲ್ಲಿ ಅವಕಾಶವುಂಟು ಎಂದು ಸಾಧಿಸುವುದು ಅವನ ಉದ್ದೇಶವಾಗಿತ್ತು. ಜೆ. ಸಿ. ಸ್ಕ್ವೈರ್ 1931ರಲ್ಲಿ ಸಂಪಾದಿಸಿದ ಪ್ರಬಂಧಸಂಕಲನಕ್ಕೆ ವಿನ್ಸ್ಟನ್ ಚರ್ಚಿಲ್ ಬರೆದ ಲೇಖನದಲ್ಲಿ, ಅಮೆರಿಕದ ಅಂತರ್ಯುದ್ಧದ ಗೆಟ್ಟಿಸ್‌ಬರ್ಗ್ ಕದನವನ್ನು ದಕ್ಷಿಣದ ಸೇನಾನಿ ಲೀ ಗೆದ್ದ ಲೋಕದಲ್ಲಿ ಕುಳಿತ ಇತಿಹಾಸಕಾರನು, ಅವನು ಗೆಲ್ಲದಿದ್ದರೆ ಏನಾಗುತ್ತಿತ್ತೆಂದು ಊಹಿಸುತ್ತಾನೆ.

ಈ ಊಹೆಯನ್ನು ವಿಜ್ಞಾನದ ಪರಿಭಾಷೆಗೆ ತಂದ ಕೀರ್ತಿ ಅಮೆರಿಕದ ಕಥಾನಿಯತಕಾಲಿಕೆಗಳದು. ‘ಅಸ್ಟೌಂಡಿಂಗ್ ಸ್ಟೋರೀಸ್’ ಪತ್ರಿಕೆಯಲ್ಲಿ 1934ರಲ್ಲಿ ಪ್ರಕಟವಾದ ಮರ್ರೇ ಲೀನ್‌ಸ್ಟರನ ‘ಸೈಡ್‌ವೈಸ್ ಇನ್ ಟೈಮ್’ ಎಂಬ ಕಥೆಯಲ್ಲಿ ಕಾಲಪ್ರವಾಹವು ಪಕ್ಕಕ್ಕೆ ಸರಿದು, ಭೂಮಿಯ ಒಂದೊಂದು ತುಂಡು ಬೇರೆ ಬೇರೆ ಇತಿಹಾಸಗಳ ತುಂಡುಗಳೊಡನೆ ಅದಲುಬದಲಾಗುತ್ತದೆ. ಈ ಕಥೆಯ ಹೆಸರನ್ನೇ ಹೊತ್ತ ಸೈಡ್‌ವೈಸ್ ಪ್ರಶಸ್ತಿಯು 1995ರಲ್ಲಿ ಸ್ಥಾಪಿತವಾಗಿ ಪರ್ಯಾಯ ಇತಿಹಾಸದ ಕೃತಿಗಳಿಗೆ ಸಲ್ಲುತ್ತಿದೆ. ಜಾಕ್ ವಿಲಿಯಮ್ಸನ್ನನ ‘ದಿ ಲೀಜನ್ ಆಫ್ ಟೈಮ್’ (1938) ಕೃತಿಯಲ್ಲಿ ಜಾನ್ ಬಾರ್ ಎಂಬ ಹಳ್ಳಿಯ ಹುಡುಗನು ಹುಲ್ಲಿನಲ್ಲಿ ಬಿದ್ದಿದ್ದ ಅಯಸ್ಕಾಂತವನ್ನು ಎತ್ತಿಕೊಂಡರೆ ವಿಜ್ಞಾನದಲ್ಲಿ ಆಸಕ್ತಿ ತಳೆದು, ಮುಂದೆ ಅವನ ಸಂಶೋಧನೆಯಿಂದ ಒಂದು ಮಹೋನ್ನತ ನಾಗರಿಕತೆ ಉದಯಿಸುತ್ತದೆ; ಅದರ ಬದಲು ಕವಣೆಗೆಂದು ಒಂದು ಕಲ್ಲುಹರಳನ್ನು ಎತ್ತಿಕೊಂಡರೆ ಊರೂರು ಅಲೆಯುವ ಕೂಲಿಕಾರನಾಗಿ, ಲೋಕವು ದುಷ್ಟಪ್ರಭುತ್ವಕ್ಕೆ ತುತ್ತಾಗುತ್ತದೆ. ಆ ಎರಡು ಭವಿಷ್ಯಗಳೂ ತಮ್ಮ ತಮ್ಮ ಅಸ್ತಿತ್ವಕ್ಕಾಗಿ ಈ ಬಾಲಕನ ಒಂದು ಕೈಚಲನೆಯ ಮೇಲೆ ಹೋರಾಡುತ್ತವೆ. ಇತಿಹಾಸವು ಕವಲೊಡೆಯುವ ಸ್ಥಾನವನ್ನು ವಿಮರ್ಶಕರು ಇಂದಿಗೂ ಈ ಹುಡುಗನ ಹೆಸರಿನಿಂದಲೇ ಜಾನ್‌ಬಾರ್ ಬಿಂದುವೆಂದು ಕರೆಯುತ್ತಾರೆ. ರೇ ಬ್ರಾಡ್ಬರಿಯು 1952ರ ‘ಎ ಸೌಂಡ್ ಆಫ್ ಥಂಡರ್’ ಕಥೆಯಲ್ಲಿ ಇದೇ ತತ್ತ್ವವನ್ನು ಇನ್ನೂ ಸೂಕ್ಷ್ಮವಾಗಿ ನಿರೂಪಿಸಿ, ಡೈನೊಸಾರುಗಳ ಯುಗಕ್ಕೆ ಬೇಟೆಗೆ ಹೋದವನೊಬ್ಬನ ಕಾಲಡಿ ಸಿಕ್ಕ ಚಿಟ್ಟೆಯೊಂದರ ಸಾವಿನಿಂದ ವರ್ತಮಾನದ ಭಾಷೆಯೂ ಚುನಾವಣೆಯ ಫಲಿತಾಂಶವೂ ಮಾರ್ಪಟ್ಟುದನ್ನು ತೋರಿಸಿದನು.

ವಾರ್ಡ್ ಮೂರ್ ರಚಿಸಿದ ‘ಬ್ರಿಂಗ್ ದಿ ಜೂಬಿಲಿ’ (1953) ಇತಿಹಾಸದ ಕವಲನ್ನೂ ವ್ಯಕ್ತಿಯ ಬಾಳನ್ನೂ ಒಂದೇ ಹೆಣಿಗೆಯಲ್ಲಿ ಕೂಡಿಸಿದ ಕಾದಂಬರಿ. ದಕ್ಷಿಣದವರು ಗೆದ್ದ ಅಮೆರಿಕದಲ್ಲಿ ಬಡತನದಲ್ಲಿ ಬೆಳೆದು ಇತಿಹಾಸಕಾರನಾದ ಹಾಜ್ ಬ್ಯಾಕ್‌ಮೇಕರ್ ಎಂಬುವನು, ಗೆಟ್ಟಿಸ್‌ಬರ್ಗ್ ಕದನವನ್ನು ಪ್ರತ್ಯಕ್ಷವಾಗಿ ನೋಡುವ ಹಂಬಲದಿಂದ ಕಾಲದಲ್ಲಿ ಹಿಂದಕ್ಕೆ ಹೋಗುತ್ತಾನೆ. ಅವನ ಇರುವಿಕೆಯಿಂದಲೇ ದಕ್ಷಿಣದ ಸೈನಿಕರ ನಡೆಗೆ ಅಡಚಣೆಯಾಗಿ ಕದನದ ಗತಿ ತಿರುಗುತ್ತದೆ. ಅವನು ಹುಟ್ಟಿದ ಲೋಕವೂ, ಅಲ್ಲಿ ಕಾದಿದ್ದ ಮಡದಿಯೂ ಒಮ್ಮೆಲೇ ಇಲ್ಲವಾಗಿ, ನಮ್ಮ ಇತಿಹಾಸದಲ್ಲಿ ಅವನೊಬ್ಬನೇ ಪರದೇಶಿಯಾಗಿ ಉಳಿಯುತ್ತಾನೆ. ಫಿಲಿಪ್ ಕೆ. ಡಿಕ್‌ನ ‘ದಿ ಮ್ಯಾನ್ ಇನ್ ದಿ ಹೈ ಕ್ಯಾಸಲ್’ (1962) ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಮತ್ತು ಜಪಾನುಗಳು ಗೆದ್ದು ಅಮೆರಿಕವನ್ನು ಹಂಚಿಕೊಂಡ ಲೋಕವನ್ನು ಚಿತ್ರಿಸುತ್ತದೆ. ಆ ಲೋಕದ ಒಬ್ಬ ಲೇಖಕನು ಮಿತ್ರರಾಷ್ಟ್ರಗಳು ಗೆದ್ದುವೆಂಬ ಕಾದಂಬರಿಯನ್ನು ಬರೆದಿರುತ್ತಾನಾದರೂ ಅದರಲ್ಲಿನ ಜಗತ್ತು ನಮ್ಮದಕ್ಕಿಂತ ಭಿನ್ನವಾದುದು. ಹೀಗೆ ಒಂದರೊಳಗೊಂದು ಅಡಗಿದ ಸತ್ಯಗಳನ್ನು ನಿರ್ಮಿಸಿದ ಈ ಕೃತಿಗೆ 1963ರಲ್ಲಿ ಹ್ಯೂಗೋ ಪ್ರಶಸ್ತಿ ದೊರೆಯಿತು.

ವ್ಯಕ್ತಿಯ ಕವಲು: ಸಾಮಾನ್ಯನೊಬ್ಬನ ಬಾಳಿನ ಕವಲುಗಳು ಸಾಹಿತ್ಯಕ್ಕೆ ವಸ್ತುವಾದುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಓ. ಹೆನ್ರಿಯ ‘ರೋಡ್ಸ್ ಆಫ್ ಡೆಸ್ಟಿನಿ’ ಕಥೆಯ ನಾಯಕ ಡೇವಿಡ್ ಮಿನ್ಯೋ ಕುರಿ ಕಾಯುವವನು, ಕವಿ. ಪ್ರಿಯತಮೆಯೊಡನೆ ಜಗಳವಾಡಿ ಊರು ಬಿಟ್ಟ ಅವನಿಗೆ ದಾರಿ ಕವಲೊಡೆದಲ್ಲಿ ಮೂರು ಗತಿಗಳು ಒದಗುತ್ತವೆ: ಎಡಕ್ಕೆ ತಿರುಗಬಹುದು, ಬಲಕ್ಕೆ ತಿರುಗಬಹುದು, ಮನೆಗೆ ಹಿಂದಿರುಗಬಹುದು. ಮೂರರಲ್ಲಿಯೂ ಅವನ ಸಾವು ಒಬ್ಬನೇ ಶ್ರೀಮಂತನ ಒಂದೇ ಪಿಸ್ತೂಲಿನಿಂದ ಬರುತ್ತದೆ. ಊರಿಗೆ ಮರಳಿ, ಮದುವೆಯಾಗಿ, ಕವಿತೆಯ ಆಸೆ ಮುರಿದ ದಿನ ಅಂಗಡಿಯಲ್ಲಿ ಕೊಂಡು ತನ್ನನ್ನೇ ಸುಟ್ಟುಕೊಂಡ ಪಿಸ್ತೂಲಿನ ಮೇಲೂ ಅದೇ ಮನೆತನದ ಲಾಂಛನವಿರುತ್ತದೆ. ಇಲ್ಲಿ ಗೆಲ್ಲುವುದು ವಿಧಿ. ಜೇಮ್ಸ್ ಬ್ಯಾರಿಯ ‘ಡಿಯರ್ ಬ್ರೂಟಸ್’ (1917) ನಾಟಕವು ಈ ಸಿದ್ಧಾಂತಕ್ಕೆ ಪ್ರತಿಯಾಗಿ ಸ್ವಭಾವವನ್ನು ಮುಂದಿಡುತ್ತದೆ. ಮಧ್ಯಬೇಸಿಗೆಯ ರಾತ್ರಿಯಲ್ಲಿ ಮಾಂತ್ರಿಕ ವನವೊಂದನ್ನು ಹೊಕ್ಕವರಿಗೆ ತಾವು ಕಳೆದುಕೊಂಡೆವೆಂದು ಹಲುಬುತ್ತಿದ್ದ ಎರಡನೆಯ ಅವಕಾಶವು ಲಭಿಸುತ್ತದೆ. ಹೆಂಡತಿಯನ್ನು ಬಿಟ್ಟು ಇನ್ನೊಬ್ಬಳ ಹಿಂದೆ ಸುತ್ತುತ್ತಿದ್ದವನು ಅಲ್ಲಿ ಆ ಇನ್ನೊಬ್ಬಳನ್ನೇ ಮದುವೆಯಾಗಿದ್ದರೂ ಮೊದಲಿನ ಹೆಂಡತಿಯ ಹಿಂದೆ ಸುತ್ತುತ್ತಾನೆ. ಆದರೆ ಕುಡಿತದಿಂದ ಹಾಳಾಗಿದ್ದ ಚಿತ್ರಕಾರ ಡಿಯರ್ತ್ ಮಾತ್ರ, ತನಗೆ ಎಂದೂ ಹುಟ್ಟದ ಮಗಳು ಮಾರ್ಗರೆಟ್ಟಳ ಸಂಗದಲ್ಲಿ ಇನ್ನೊಬ್ಬ ಮನುಷ್ಯನೇ ಆಗುತ್ತಾನೆ. ಬೆಳಗಾದಾಗ ಆ ಮಗಳು ವನದಲ್ಲಿಯೇ ಉಳಿದುಹೋಗುವ ಪ್ರಸಂಗವು ಈ ವಸ್ತುವನ್ನು ಕುರಿತ ಸಾಹಿತ್ಯದಲ್ಲೆಲ್ಲ ಅತ್ಯಂತ ಕರುಣಾಜನಕವಾದುದೆಂದು ಹೇಳಬಹುದು. ಲಾರ್ಡ್ ಡನ್ಸೇನಿಯ ‘ಇಫ್’ (1921) ನಾಟಕದಲ್ಲಿ ತಪ್ಪಿಹೋದ ರೈಲೊಂದನ್ನು ಮತ್ತೆ ಹಿಡಿಯಬಯಸಿದ ಗೃಹಸ್ಥನ ಕಥೆಯೂ, ಜೆ. ಬಿ. ಪ್ರೀಸ್ಟ್ಲಿಯ ‘ಡೇಂಜರಸ್ ಕಾರ್ನರ್’ (1932) ನಾಟಕದಲ್ಲಿ ಸಿಗರೇಟು ಪೆಟ್ಟಿಗೆಯೊಂದನ್ನು ಕುರಿತ ಮಾತು ಹೊರಳುವ ರೀತಿಗೆ ತಕ್ಕಂತೆ ಸ್ನೇಹಿತರ ಬಳಗವು ನಾಶವಾಗುವ ಅಥವಾ ಉಳಿಯುವ ಕಥೆಯೂ ಬಂದಿವೆ.

ಭೌತವಿಜ್ಞಾನದ ಆಧಾರ: ಅರ್ಜೆಂಟೀನದ ಹೋರ್ಹೆ ಲೂಯಿಸ್ ಬೋರ್ಹೆಸ್ 1941ರಲ್ಲಿ ಪ್ರಕಟಿಸಿದ, ಕವಲೊಡೆಯುವ ಹಾದಿಗಳ ಉದ್ಯಾನವನ್ನು ಕುರಿತ ಕಥೆಯಲ್ಲಿ ತ್ಸುಯಿ ಪೆನ್ ಎಂಬ ಚೀನೀ ಪಂಡಿತನು ಒಂದು ಅಪೂರ್ವ ಕಾದಂಬರಿಯನ್ನು ರಚಿಸಿರುತ್ತಾನೆ; ಸಾಮಾನ್ಯ ಕಥೆಯಲ್ಲಿ ಪಾತ್ರವು ಒಂದು ದಾರಿಯನ್ನು ಹಿಡಿದು ಉಳಿದುವನ್ನು ಬಿಡುತ್ತದೆ, ಅವನ ಕಾದಂಬರಿಯಲ್ಲಿ ಎಲ್ಲ ದಾರಿಗಳನ್ನೂ ಏಕಕಾಲದಲ್ಲಿ ಹಿಡಿಯುತ್ತದೆ. ಇದಾದ ಹದಿನಾರು ವರ್ಷಗಳ ಅನಂತರ, 1957ರಲ್ಲಿ, ಪ್ರಿನ್ಸ್ಟನ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ವೀಲರನ ಶಿಷ್ಯನಾಗಿದ್ದ ಹ್ಯೂ ಎವರೆಟ್ ಎಂಬ ತರುಣನು ಕ್ವಾಂಟಮ್ ಬಲವಿಜ್ಞಾನಕ್ಕೆ ಒಂದು ಹೊಸ ವ್ಯಾಖ್ಯಾನವನ್ನು ಮಂಡಿಸಿದನು. ಕಣವೊಂದಕ್ಕೆ ಹಲವು ಸ್ಥಿತಿಗಳು ಸಾಧ್ಯವಿರುವಾಗ ಅಳತೆಯ ಕ್ಷಣದಲ್ಲಿ ಒಂದು ಮಾತ್ರ ಉಳಿದು ಮಿಕ್ಕುವು ಅಳಿಯುತ್ತವೆಂಬ ಆಗಿನ ರೂಢಿಯ ಮತವನ್ನು ಬಿಟ್ಟು, ಎಲ್ಲ ಸ್ಥಿತಿಗಳೂ ಉಳಿಯುತ್ತವೆ, ಅಳೆಯುವವನೂ ಅವುಗಳೊಡನೆ ಕವಲೊಡೆಯುತ್ತಾನೆ ಎಂಬುದು ಅವನ ಪ್ರತಿಪಾದನೆಯ ಸಾರ. ಆ ಕಾಲದಲ್ಲಿ ಅದಕ್ಕೆ ಹೆಚ್ಚು ಮನ್ನಣೆ ದೊರೆಯಲಿಲ್ಲ, ಎವರೆಟ್ಟನೂ ವಿಶ್ವವಿದ್ಯಾನಿಲಯಗಳಿಂದ ದೂರ ಸರಿದು ಅಮೆರಿಕದ ರಕ್ಷಣಾ ಇಲಾಖೆಗೆ ಸಂಬಂಧಿಸಿದ ಕೆಲಸಕ್ಕೆ ಸೇರಿದ್ದನು; 1970ರಲ್ಲಿ ಬ್ರೈಸ್ ಡಿವಿಟ್ ಬರೆದ ಲೇಖನದಿಂದ ಈ ವಾದವು ಬಹುಲೋಕ ವ್ಯಾಖ್ಯಾನವೆಂದು ಪ್ರಸಿದ್ಧವಾಯಿತು.

ಕಥೆಗಾರರಿಗೆ ಇದು ಬಹಳ ಒದಗಿಬಂದ ಸಿದ್ಧಾಂತವಾದರೂ ವಿಜ್ಞಾನಕ್ಕೂ ಕಥೆಗೂ ನಡುವೆ ಇರುವ ಅಂತರವನ್ನು ಇಲ್ಲಿ ಸ್ಪಷ್ಟಪಡಿಸುವುದು ಅಗತ್ಯ. ಎವರೆಟ್ಟನ ವ್ಯಾಖ್ಯಾನದಲ್ಲಿ ಕವಲೊಡೆಯುವಿಕೆಗೆ ಕಾರಣ ಸೂಕ್ಷ್ಮಕಣಗಳು ಸುತ್ತಲ ಪರಿಸರದೊಡನೆ ನಡೆಸುವ ಪರಸ್ಪರ ಕ್ರಿಯೆಯೇ ಹೊರತು ಮನುಷ್ಯನ ಸಂಕಲ್ಪವಲ್ಲ. ಒಮ್ಮೆ ಬೇರ್ಪಟ್ಟ ಕವಲುಗಳ ನಡುವೆ ಸಂಚಾರವಾಗಲಿ ಸಂದೇಶವಾಗಲಿ ನಡೆಯುವುದಕ್ಕೆ ಅದರಲ್ಲಿ ಆಸ್ಪದವೂ ಇಲ್ಲ. ಒಬ್ಬನು ಮದುವೆಗೆ ಒಪ್ಪಿದ ಲೋಕವೂ ಒಪ್ಪದ ಲೋಕವೂ ಜೊತೆಜೊತೆಯಾಗಿ ಇದ್ದು, ಒಂದರಿಂದ ಇನ್ನೊಂದನ್ನು ಇಣುಕಿ ನೋಡಬಹುದೆಂಬುದು ಸಾಹಿತಿಗಳು ತೆಗೆದುಕೊಂಡ ಸ್ವಾತಂತ್ರ್ಯ.

ನೈತಿಕ ಸಮಸ್ಯೆ: ಎಲ್ಲ ಆಯ್ಕೆಗಳೂ ಎಲ್ಲಿಯೋ ನಡೆದೇ ತೀರುವುವಾದರೆ ಒಳ್ಳೆಯದನ್ನು ಆರಿಸಿಕೊಂಡುದರ ಬೆಲೆ ಏನು? ಈ ಶಾಖೆಯ ಹೃದಯಸ್ಥಾನದಲ್ಲಿರುವ ಪ್ರಶ್ನೆ ಇದು. ಲ್ಯಾರಿ ನಿವೆನ್ 1968ರಲ್ಲಿ ಬರೆದ ‘ಆಲ್ ದಿ ಮಿರಿಯಡ್ ವೇಸ್’ ಕಥೆಯಲ್ಲಿ, ಲೋಕಾಂತರಗಳಿಗೆ ಹೋಗಿಬರುವ ವಾಹನವು ಬಳಕೆಗೆ ಬಂದ ಮೇಲೆ ನಗರದಲ್ಲಿ ಆತ್ಮಹತ್ಯೆಗಳೂ ಕಾರಣವಿಲ್ಲದ ಕೊಲೆಗಳೂ ಹೆಚ್ಚುತ್ತವೆ. ತನಿಖೆಗೆ ನಿಂತ ಪೋಲೀಸು ಅಧಿಕಾರಿ ಟ್ರಿಂಬಲನು, ಯಾವ ನಿರ್ಧಾರಕ್ಕೂ ಅರ್ಥವಿಲ್ಲವೆಂಬ ಭಾವನೆಯೇ ಈ ಉಪದ್ರವದ ಬೀಜವೆಂದು ಕಂಡುಕೊಂಡು, ಕಡೆಗೆ ತಾನೂ ಪಿಸ್ತೂಲನ್ನು ಕೈಗೆ ಎತ್ತಿಕೊಳ್ಳುತ್ತಾನೆ. ಆ ಕ್ಷಣವೂ ಹಲವು ಕವಲುಗಳಾಗಿ ಒಡೆಯುತ್ತದೆ.

ಈ ನಿರಾಶಾವಾದಕ್ಕೆ ಸಮರ್ಪಕವಾದ ಉತ್ತರವು ಟೆಡ್ ಚಿಯಾಂಗ್ 2019ರಲ್ಲಿ ಪ್ರಕಟಿಸಿದ ‘ಆಂಕ್ಸೈಟಿ ಈಸ್ ದಿ ಡಿಜ್ಜಿನೆಸ್ ಆಫ್ ಫ್ರೀಡಮ್’ ಎಂಬ ನೀಳ್ಗತೆಯಲ್ಲಿ ದೊರೆಯುತ್ತದೆ. ಪ್ರಿಸಂ ಎಂಬ ಯಂತ್ರವನ್ನು ಚಾಲನೆಗೊಳಿಸಿದ ಕ್ಷಣದಲ್ಲಿ ಲೋಕವು ಎರಡಾಗಿ, ಎರಡರಲ್ಲಿಯೂ ಇರುವ ವ್ಯಕ್ತಿಯು ಯಂತ್ರದ ಶಕ್ತಿ ತೀರುವವರೆಗೆ ತನ್ನ ಪ್ರತಿರೂಪದೊಡನೆ ಮಾತನಾಡಬಹುದು. ಇಂತಹ ಯಂತ್ರಗಳ ಗೀಳು ಹತ್ತಿದವರಿಗೆ ಮನೋವೈದ್ಯಕೀಯ ಸಲಹೆ ನೀಡುವ ಡೇನಾ ಎಂಬುವಳ ಮನಸ್ಸನ್ನು ತನ್ನದೇ ಒಂದು ಹಳೆಯ ತಪ್ಪು ಕೊರೆಯುತ್ತಿರುತ್ತದೆ: ಶಾಲೆಯ ಪ್ರವಾಸದಲ್ಲಿ ಕೊಠಡಿಯಲ್ಲಿ ಮಾದಕ ಗುಳಿಗೆಗಳು ಸಿಕ್ಕಿಬಿದ್ದಾಗ ಅವು ಗೆಳತಿ ವಿನೆಸ್ಸಳವೆಂದು ಹೇಳಿ ಡೇನಾ ಪಾರಾಗಿದ್ದಳು, ಗೆಳತಿಯ ಬಾಳು ಅಲ್ಲಿಂದ ಹಾದಿ ತಪ್ಪಿತು. ಕಥೆಯ ಕೊನೆಗೆ, ಅನಾಮಧೇಯವಾಗಿ ಬಂದ ಚಿತ್ರಮುದ್ರಿಕೆಗಳಲ್ಲಿ, ಡೇನಾ ಬೇರೆ ಬೇರೆ ರೀತಿಯಲ್ಲಿ ನಡೆದುಕೊಂಡ ಲೋಕಗಳಲ್ಲಿಯೂ ವಿನೆಸ್ಸಳು ಕೆಟ್ಟುದನ್ನೂ, ಅದಕ್ಕೆ ಡೇನಾಳನ್ನೇ ದೂರಿದುದನ್ನೂ ಅವಳು ಕಾಣುತ್ತಾಳೆ. ಕವಲುಗಳು ಅಸಂಖ್ಯವಾದರೂ ಪ್ರತಿಯೊಂದು ಸತ್ಕಾರ್ಯವೂ ಆಮೇಲಿನ ಕವಲುಗಳಲ್ಲೆಲ್ಲ ಆ ವ್ಯಕ್ತಿಯನ್ನು ಇನ್ನಷ್ಟು ಒಳ್ಳೆಯವನಾಗುವ ಕಡೆಗೆ ಬಾಗಿಸುತ್ತದೆಂಬುದು ಈ ಕಥೆಯ ಸಾರ. ಸ್ವಭಾವವು ಆಯ್ಕೆಗಳಿಂದ ರೂಪುಗೊಳ್ಳುವ ವಸ್ತು. ಬ್ಯಾರಿಯ ನಾಟಕದಲ್ಲಿ ಬಹುಮಟ್ಟಿಗೆ ಸಿದ್ಧವಸ್ತುವಾಗಿ ಕಂಡ ಸ್ವಭಾವವು ಚಿಯಾಂಗನಲ್ಲಿ ಸಾಧ್ಯವಸ್ತುವಾಗುವುದು ಈ ಸಾಹಿತ್ಯದ ಬಹು ದೊಡ್ಡ ಮುನ್ನಡೆ.

ಮತ್ತೆ ಬಾಳಿದ ಬಾಳು, ಹಲವಾದ ಬಾಳು: ಕೆನ್ ಗ್ರಿಮ್‌ವುಡ್ಡನ ‘ರಿಪ್ಲೇ’ ಕಾದಂಬರಿಯಲ್ಲಿ 1988ರಲ್ಲಿ ನಲವತ್ತಮೂರರ ವಯಸ್ಸಿನಲ್ಲಿ ಹೃದಯಾಘಾತದಿಂದ ಸತ್ತ ಜೆಫ್ ವಿನ್ಸ್ಟನ್, 1963ರಲ್ಲಿ ಹದಿನೆಂಟರ ವಿದ್ಯಾರ್ಥಿಯಾಗಿ ಕಣ್ಣು ತೆರೆಯುತ್ತಾನೆ. ಮುಂದಾಗುವುದನ್ನೆಲ್ಲ ತಿಳಿದ ಅವನು ಒಂದು ಸಲ ಧನವನ್ನೂ, ಇನ್ನೊಂದು ಸಲ ಭೋಗವನ್ನೂ, ಮತ್ತೊಂದು ಸಲ ಏಕಾಂತವನ್ನೂ ಅರಸುತ್ತಾನೆ; ಪ್ರತಿ ಸಾವಿನೊಡನೆ ಹಿಂದಿನ ಬಾಳಿನ ಮಕ್ಕಳೂ ಇಲ್ಲವಾಗುವರೆಂಬ ಅರಿವು ಅವನ ವೇದನೆಯ ಮೂಲ. ಕೇಟ್ ಅಟ್ಕಿನ್ಸನ್ನಳ ‘ಲೈಫ್ ಆಫ್ಟರ್ ಲೈಫ್’ (2013) ಕಾದಂಬರಿಯ ಉರ್ಸುಲಾ 1910ರ ಹಿಮ ಸುರಿಯುವ ರಾತ್ರಿಯಲ್ಲಿ ಮತ್ತೆ ಮತ್ತೆ ಹುಟ್ಟುತ್ತಾಳೆ. ಜೊ ವಾಲ್ಟನ್ನಳ ‘ಮೈ ರಿಯಲ್ ಚಿಲ್ಡ್ರನ್’ (2014) ಈ ಗುಂಪಿನಲ್ಲಿ ಅತ್ಯಂತ ಗಂಭೀರವಾದ ಕೃತಿ. ವೃದ್ಧಾಶ್ರಮದಲ್ಲಿರುವ ಪೆಟ್ರೀಷಿಯಾ ಎಂಬ ಮುದುಕಿಗೆ ಎರಡು ಬಾಳುಗಳ ನೆನಪು ಇದೆ. 1949ರಲ್ಲಿ ದೂರವಾಣಿಯಲ್ಲಿ ಬಂದ ಮದುವೆಯ ಪ್ರಸ್ತಾಪಕ್ಕೆ ಹೂಂ ಎಂದುದೇ ಅಥವಾ ಒಲ್ಲೆನೆಂದುದೇ ಆ ಎರಡರ ಕವಲು. ಒಪ್ಪಿದ ಬಾಳಿನಲ್ಲಿ ಅವಳ ದಾಂಪತ್ಯವು ನರಕ, ಲೋಕವು ಮಾತ್ರ ಶಾಂತಿಯ ಕಡೆಗೆ ಸಾಗುತ್ತದೆ. ಒಪ್ಪದ ಬಾಳಿನಲ್ಲಿ ಅವಳಿಗೆ ಪ್ರೇಮವೂ ತೃಪ್ತಿಯೂ ಉಂಟು, ಲೋಕವು ಅಣ್ವಸ್ತ್ರಗಳ ದಳ್ಳುರಿಗೆ ಈಡಾಗುತ್ತದೆ. ತನ್ನ ಸುಖವನ್ನೂ ಲೋಕದ ಕ್ಷೇಮವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಕಠಿನ ಪರೀಕ್ಷೆಯನ್ನು ಲೇಖಕಿಯು ಒಬ್ಬ ಸಾಮಾನ್ಯ ಸ್ತ್ರೀಗೆ ಒಪ್ಪಿಸುತ್ತಾಳೆ. ಇವಕ್ಕೆಲ್ಲ ಮೊದಲೇ ಜೊಅನಾ ರಸ್ ಬರೆದ ‘ದಿ ಫೀಮೇಲ್ ಮ್ಯಾನ್’ (1975) ಕಾದಂಬರಿಯು, ಹುಟ್ಟಿನಿಂದ ಒಬ್ಬಳೇ ಆಗಿದ್ದು ನಾಲ್ಕು ಲೋಕಗಳಲ್ಲಿ ನಾಲ್ವರಾಗಿ ಬೆಳೆದ ಸ್ತ್ರೀಯರನ್ನು ಒಂದೆಡೆ ಸೇರಿಸಿ, ವ್ಯಕ್ತಿಯ ಆಯ್ಕೆಗೆ ಮೊದಲೇ ಸಮಾಜವು ಎಷ್ಟು ದಾರಿಗಳನ್ನು ಮುಚ್ಚಿರುತ್ತದೆಂಬುದನ್ನು ತೋರಿಸಿತ್ತು.

ಚಲನಚಿತ್ರ: ಕಣ್ಣಿಗೆ ಕಾಣುವ ಕಲೆಗೆ ಈ ವಸ್ತುವು ಸಹಜವಾಗಿ ಒಗ್ಗಿದೆ. ಫ್ರಾಂಕ್ ಕಾಪ್ರಾನ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ (1946) ನಾಯಕನಿಗೆ ತಾನು ಹುಟ್ಟದೆಯೇ ಇದ್ದಿದ್ದರೆ ತನ್ನ ಊರು ಏನಾಗುತ್ತಿತ್ತೆಂಬುದನ್ನು ಕಾಣಿಸುತ್ತದೆ. ಪೋಲೆಂಡಿನ ಕ್ರಿಸ್ಟಾಫ್ ಕಿಯಸ್ಲೋವ್‌ಸ್ಕಿ 1981ರಲ್ಲಿ ತಯಾರಿಸಿ, ಸರಕಾರದ ತಡೆಯಿಂದಾಗಿ 1987ರಲ್ಲಿ ಮಾತ್ರ ಬಿಡುಗಡೆಯಾದ ‘ಬ್ಲೈಂಡ್ ಚಾನ್ಸ್’ ಚಿತ್ರದಲ್ಲಿ ವೈದ್ಯವಿದ್ಯಾರ್ಥಿ ವಿಟೆಕ್ ಹೊರಟ ರೈಲಿನ ಹಿಂದೆ ಓಡುತ್ತಾನೆ. ರೈಲು ಸಿಕ್ಕರೆ ಕಮ್ಯೂನಿಸ್ಟ್ ಪಕ್ಷದವನಾಗುತ್ತಾನೆ. ಕಾವಲುಗಾರನಿಗೆ ಡಿಕ್ಕಿ ಹೊಡೆದರೆ ಪ್ರಭುತ್ವದ ವಿರೋಧಿಯಾಗುತ್ತಾನೆ. ರೈಲು ತಪ್ಪಿ ನಿಲ್ದಾಣದಲ್ಲೇ ಉಳಿದರೆ ಗೃಹಸ್ಥನಾಗಿ, ರಾಜಕೀಯದಿಂದ ದೂರವಿದ್ದು ವೈದ್ಯನಾಗುತ್ತಾನೆ. ಮೂರು ಬಾಳುಗಳಲ್ಲಿಯೂ ಅವನು ಪ್ರಾಮಾಣಿಕನೇ. ‘ಸ್ಲೈಡಿಂಗ್ ಡೋರ್ಸ್’, ‘ರನ್ ಲೋಲ ರನ್’ ಎಂಬ ಎರಡು ಪ್ರಸಿದ್ಧ ಚಿತ್ರಗಳು 1998ರಲ್ಲಿ ತೆರೆಕಂಡುವು. ‘ಎವೆರಿಥಿಂಗ್ ಎವೆರಿವೇರ್ ಆಲ್ ಅಟ್ ಒನ್ಸ್’ (2022) ಚಿತ್ರವು ಬಟ್ಟೆ ಒಗೆಯುವ ಅಂಗಡಿಯನ್ನು ನಡೆಸುವ ವಲಸೆಗಾರ್ತಿಯೊಬ್ಬಳಿಗೆ ಅವಳ ಇತರ ಬಾಳುಗಳೆಲ್ಲವನ್ನೂ ತೋರಿಸಿ, ಅತ್ಯುತ್ತಮ ಚಿತ್ರವೂ ಸೇರಿ ಏಳು ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು.

ಭಾರತೀಯ ಭಾಷೆಗಳಲ್ಲಿ: ಖಗೋಳವಿಜ್ಞಾನಿ ಜಯಂತ ನಾರಳೀಕರರು ಮರಾಠಿಯಲ್ಲಿ ಬರೆದ, ಗಂಗಾಧರಪಂತ ಗಾಯತೊಂಡೆ ಎಂಬ ಇತಿಹಾಸದ ಪ್ರಾಧ್ಯಾಪಕರ ಕಥೆಯು ಈ ಪರಂಪರೆಯಲ್ಲಿ ಅಗ್ರಗಣ್ಯವಾದುದು. ಅಪಘಾತವೊಂದರಿಂದ ಲೋಕಾಂತರವನ್ನು ಹೊಕ್ಕ ಪಂತರು, 1761ರ ಪಾಣಿಪತದ ಯುದ್ಧದಲ್ಲಿ ಮರಾಠರು ಗೆದ್ದ ಭಾರತವನ್ನು ಕಾಣುತ್ತಾರೆ. ಅಲ್ಲಿಯ ಗ್ರಂಥಾಲಯದ ಬಖರಿನ (ಮರಾಠಿ ಇತಿವೃತ್ತದ) ಪ್ರಕಾರ ಕದನದಲ್ಲಿ ಗುಂಡು ಪೇಶ್ವೆಯ ಮಗ ವಿಶ್ವಾಸರಾಯನ ಕಿವಿಯ ಬಳಿ ಸವರಿಕೊಂಡು ಹೋಗಿತ್ತು. ನಮ್ಮ ಇತಿಹಾಸದಲ್ಲಿ ಅದು ಅವನನ್ನು ಕೊಂದಿತು. ಹಿಂದಿರುಗಿದ ಮೇಲೆ ಪಂತರ ಬಳಿ ಆ ಬಖರಿನಿಂದ ಹರಿದ ಪುಟ ಸಾಕ್ಷ್ಯವಾಗಿ ಉಳಿಯುತ್ತದೆ, ಅವರ ಸ್ನೇಹಿತ ವಿಜ್ಞಾನಿಯು ಕ್ವಾಂಟಮ್ ಸಿದ್ಧಾಂತದ ಮೂಲಕ ಅದನ್ನು ವಿವರಿಸುತ್ತಾನೆ. ಗಾಧಿಯು ಕೀರದೇಶದಲ್ಲಿ ಕಂಡ ಕುರುಹುಗಳಿಗೂ ಈ ಹರಿದ ಪುಟಕ್ಕೂ ಇರುವ ಸಾದೃಶ್ಯವು ಗಮನಿಸತಕ್ಕದ್ದು. ಇದರ ಇಂಗ್ಲಿಷ್ ರೂಪವು ‘ದಿ ಅಡ್ವೆಂಚರ್’ ಎಂಬ ಹೆಸರಿನಿಂದ ಹನ್ನೊಂದನೆಯ ತರಗತಿಯ ಪಠ್ಯಪುಸ್ತಕದಲ್ಲಿ ಸೇರಿ ಭಾರತದಾದ್ಯಂತ ವಿದ್ಯಾರ್ಥಿಗಳಿಗೆ ಪರಿಚಿತವಾಗಿದೆ. ಕನ್ನಡದಲ್ಲಿ ಪವನ್ ಕುಮಾರ್ ನಿರ್ದೇಶಿಸಿ, ಪ್ರೇಕ್ಷಕರಿಂದಲೇ ಹಣ ಕೂಡಿಸಿ ತಯಾರಿಸಿದ ‘ಲೂಸಿಯಾ’ (2013) ಚಿತ್ರವು ಇದೇ ವಸ್ತುವಿನ ಒಂದು ಗಮನಾರ್ಹ ಪ್ರಯೋಗ. ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ಸೀಟು ತೋರಿಸುವ ನಿಕ್ಕಿಯ ಬಾಳೂ, ಪ್ರಸಿದ್ಧ ನಟನೊಬ್ಬನ ಬಾಳೂ ಒಂದರ ಕನಸಿನಲ್ಲಿ ಇನ್ನೊಂದು ಹೆಣೆದುಕೊಂಡಿವೆ. ಒಂದು ಬಾಳು ವರ್ಣದಲ್ಲಿಯೂ ಇನ್ನೊಂದು ಕಪ್ಪುಬಿಳುಪಿನಲ್ಲಿಯೂ ಚಿತ್ರಿತವಾಗಿವೆ. ಕೀರ್ತಿಶಿಖರದಲ್ಲಿರುವವನು ಹಂಬಲಿಸುವುದು ಸಾಮಾನ್ಯನ ಬಾಳನ್ನು ಎಂಬ ಅದರ ದರ್ಶನವು ಆಯ್ಕೆಗಿಂತ ಚಿತ್ತಕ್ಕೆ ಪ್ರಾಧಾನ್ಯ ಕೊಡುವ ಭಾರತೀಯ ಪರಂಪರೆಗೆ ಹತ್ತಿರವಾಗಿದೆ.

ಮೌಲ್ಯ: ಹಿಡಿಯದೆ ಬಿಟ್ಟ ದಾರಿಯನ್ನು ನೆನೆದು ಮರುಗುವುದು ಮನುಷ್ಯನಿಗೆ ಸಹಜ. ಆ ಮರುಕವನ್ನು ಬರಿಯ ಹಗಲುಗನಸಿನಿಂದ ತಣಿಸುವ ಕೃತಿಗಳು ಈ ಶಾಖೆಯಲ್ಲಿ ಬಹಳವಾಗಿವೆ, ಅವು ಬಹುಕಾಲ ನಿಲ್ಲುವುದಿಲ್ಲ. ಉತ್ತಮ ಕೃತಿಗಳು ಮಾಡುವ ಕಾರ್ಯವು ಇದಕ್ಕಿಂತ ಕಠಿನವಾದುದು. ಬೇರೆ ದಾರಿಯಲ್ಲಿಯೂ ಬೆಲೆ ತೆರಬೇಕಾಗುತ್ತಿತ್ತೆಂಬುದನ್ನು ಅವು ವಿವರವಾಗಿ, ಕಾರ್ಯಕಾರಣಸಹಿತವಾಗಿ ತೋರಿಸುತ್ತವೆ. ಬ್ಯಾಕ್‌ಮೇಕರನು ಕಳೆದುಕೊಂಡ ಲೋಕ, ಡಿಯರ್ತನ ಮಗಳು, ಪೆಟ್ರೀಷಿಯಳ ಎರಡು ಸಂಸಾರಗಳು ಒಂದನ್ನು ಪಡೆಯಲು ಇನ್ನೊಂದನ್ನು ಬಿಡಲೇಬೇಕೆಂಬ ಸತ್ಯಕ್ಕೆ ಸಾಕ್ಷಿಗಳು. ಇತಿಹಾಸಗ್ರಂಥಗಳು ನಡೆದುದನ್ನು ಅನಿವಾರ್ಯವೆಂಬಂತೆ ನಿರೂಪಿಸುವಾಗ, ಈ ಸಾಹಿತ್ಯವು ನಡೆದುದೆಲ್ಲವೂ ಒಂದು ಕಾಲದಲ್ಲಿ ಅನಿಶ್ಚಿತವಾಗಿತ್ತೆಂಬುದನ್ನು ಮನಗಾಣಿಸುತ್ತದೆ. ಹಾಗೆ ಮನಗಂಡ ವಾಚಕನಿಗೆ ಹಿಂದಿನವರ ನಿರ್ಧಾರಗಳ ವಿಷಯದಲ್ಲಿ ಸಹಾನುಭೂತಿಯೂ, ತಾನು ಇನ್ನು ಮುಂದೆ ಮಾಡಬೇಕಾದ ನಿರ್ಧಾರಗಳ ವಿಷಯದಲ್ಲಿ ಎಚ್ಚರವೂ ಉಂಟಾಗುವುದರಿಂದ, ಈ ಶಾಖೆಯು ಮನೋರಂಜನೆಯ ಸಾಹಿತ್ಯವೆಂಬ ಹೆಸರಿನಿಂದ ಹುಟ್ಟಿದರೂ ನೀತಿಚಿಂತನೆಯ ಸಾಹಿತ್ಯದಲ್ಲಿ ಸ್ಥಾನವನ್ನು ಪಡೆಯಲು ಎಲ್ಲ ವಿಧದಲ್ಲಿಯೂ ಅರ್ಹವಾಗಿದೆ.